ಎಚ್ಚೆನ್ ಮರಳಿ ಬಂದ ಹಾಸ್ಟೆಲ್

ಗೌರಿಬಿದನೂರಿನಿಂದ ಬೆಂಗಳೂರಿಗೆ ಹೋಗುವ ರಸ್ತೆ ನಮ್ಮ ದೊಡ್ಡಬಳ್ಳಾಪುರದ ಮೇಲೇ ಹಾದುಹೋಗುತ್ತದೆ. ಮಾಕಳಿ ಬೆಟ್ಟದ ಕಡೆಯಿಂದ ಕಾಲೇಜಿಗೆ ಬರುವ ನಮ್ಮ ಸ್ನೇಹಿತರು ದಿನಾ ಬೆಳಿಗ್ಗೆ ಆ ರಸ್ತೆಯಲ್ಲಿ ಬಸ್ಸಿನಲ್ಲಿ ನಿಂತುಕೊಂಡೇ ಬರುತ್ತಾರೆ. ಸೀಟು ಸಿಗಲಿಲ್ಲವೆಂದು ಗೊಣಗುತ್ತಾರೆ. ನಾನೂ ಗೊಣಗಿದವನೇ. 1935ರಲ್ಲಿ ಗೌರಿಬಿದನೂರಿನ ಹತ್ತಿರದ ಹೊಸೂರಿನ ಹುಡುಗನೊಬ್ಬ ಬೆಂಗಳೂರಿಗೆ ನಡೆದೇ ಹೋದ. ಎರಡು ದಿನ ಹಿಡಿಯಿತು. ಹೈಸ್ಕೂಲು ಸೇರಬೇಕಿತ್ತು, ಕೈಯಲ್ಲಿ ಕಾಸಿರಲಿಲ್ಲ.

ಆ ಹುಡುಗನೇ ಡಾ. ಎಚ್. ನರಸಿಂಹಯ್ಯ, ಎಲ್ಲರ ಬಾಯಲ್ಲಿ ಎಚ್ಚೆನ್. ನಮ್ಮ ಬ್ಯಾಚಿನವರು ಹುಟ್ಟುವ ಮೊದಲೇ, 2005ರ ಜನವರಿ 31ರಂದು ತೀರಿಕೊಂಡರು. ನನಗೆ ಅವರ ಹೆಸರು ಗೊತ್ತಾದದ್ದು ಇತ್ತೀಚೆಗೆ. ಅದಕ್ಕೆ ಕಾರಣ ನಮ್ಮ ಭಾಯಿಜಾನ್.

ಭಾಯಿಜಾನ್ ಜರ್ಮನಿಯಲ್ಲಿ ಎಂ.ಎಸ್. ಮುಗಿಸುತ್ತಿದ್ದಾನೆ. ಮನೆಗೆ ಬಂದವರೆಲ್ಲ ಅಬ್ಬಾನನ್ನು ಕೇಳುವುದು ಒಂದೇ ಪ್ರಶ್ನೆ, ಹುಡುಗ ಅಲ್ಲೇ ಉಳಿಯುತ್ತಾನಾ, ವಾಪಸ್ ಬರುತ್ತಾನಾ? ಅಬ್ಬಾ ಮಗ್ಗದ ಸದ್ದಿನಲ್ಲಿ ಕೇಳಿಸಲಿಲ್ಲ ಎಂಬಂತೆ ಸುಮ್ಮನಿರುತ್ತಾರೆ. ಕ್ಲಾಸಿನಲ್ಲಿ ಒಂದು ದಿನ ಇದೇ ಮಾತು ಬಂದಾಗ ನಮ್ಮ ಭೌತಶಾಸ್ತ್ರದ ಸರ್ ಏನೂ ಉಪದೇಶ ಮಾಡದೆ, ಎಚ್ಚೆನ್ ಬಗ್ಗೆ ಓದು ಎಂದು ಮಾತ್ರ ಹೇಳಿ ಬೋರ್ಡಿನ ಕಡೆ ತಿರುಗಿದರು.

ಓದಿದೆ. ಎಚ್ಚೆನ್ ಹುಟ್ಟಿದ್ದು 1920ರ ಜೂನ್ 6ರಂದು, ಬಡ ಕುಟುಂಬದಲ್ಲಿ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದ ಮರುವರ್ಷ ಗಾಂಧೀಜಿ ಆ ಶಾಲೆಗೆ ಬಂದರು. ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳಲು ಆರಿಸಿದ್ದು ಈ ಹಳ್ಳಿ ಹುಡುಗನನ್ನು. ಮನೆಯಲ್ಲಿ ಉರ್ದು, ಕ್ಲಾಸಿನಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಎಂದು ಮೂರರ ನಡುವೆ ತಡವರಿಸುವ ನಮ್ಮಂಥವರಿಗೆ ಆ ಧೈರ್ಯ ಎಂಥದೆಂದು ಅರ್ಥವಾಗುತ್ತದೆ. ನಾನು ಪ್ರಾರ್ಥನೆಯ ಹೊತ್ತಿನಲ್ಲಿ ಸುದ್ದಿ ಓದಲು ನಿಂತಾಗಲೇ ಕಾಲು ನಡುಗಿದ್ದವು.

ಮುಂದೆ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ. 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿ ಬಂದಾಗ ಓದು ಬಿಟ್ಟು ಜೈಲು ಸೇರಿದರು. ಪುಣೆಯ ಯೆರವಾಡ ಜೈಲನ್ನೂ ಕಂಡು ಬಂದರು. ಹೊರಗೆ ಬಂದು ಬಿಟ್ಟ ಓದನ್ನು ಮತ್ತೆ ಹಿಡಿದು ಎಂ.ಎಸ್ಸಿ. ಮುಗಿಸಿ, 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಮೇಷ್ಟ್ರಾದರು. ಈಗ ನಾವು ಮೆಟ್ರೋದಲ್ಲಿ ಹೋಗುವಾಗ ಕೇಳುವ ನ್ಯಾಷನಲ್ ಕಾಲೇಜು ನಿಲ್ದಾಣದ ಹೆಸರು ಅದೇ ಕಾಲೇಜಿನದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆಮೇಲಿನ ಭಾಗ. ವರ್ಷಗಟ್ಟಲೆ ಪಾಠ ಹೇಳಿ ಹೆಸರು ಮಾಡಿದ ಮೇಲೆ ಅವರು ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿ ಮತ್ತೆ ವಿದ್ಯಾರ್ಥಿಯಾಗಿ ಕೂತರು. ತನ್ನ ಶಿಷ್ಯರ ವಯಸ್ಸಿನವರ ಜೊತೆ ಪರೀಕ್ಷೆ ಬರೆಯುವುದು ಹೇಗಿರಬಹುದು? ವಿಷಯ ಪರಮಾಣು ಬೀಜ ಭೌತಶಾಸ್ತ್ರ. 1960ರಲ್ಲಿ ಪಿಎಚ್.ಡಿ. ಸಿಕ್ಕಿದಾಗ ಅವರಿಗೆ 40 ವರ್ಷ. ಆ ಕಾಲದ ಅಮೆರಿಕದಲ್ಲಿ ಆ ವಿಷಯದ ಡಾಕ್ಟರೇಟ್ ಎಂದರೆ ಸಣ್ಣ ಮಾತಲ್ಲ. ಅವರು ನೇರವಾಗಿ ಬಸವನಗುಡಿಗೆ ಬಂದರು. ಅದೇ ಕಾಲೇಜು, ವಿದ್ಯಾರ್ಥಿಗಳ ನಡುವೆ ಹಾಸ್ಟೆಲಿನಲ್ಲಿ ಅದೇ ವಾಸ. ಖಾದಿ ಪಂಚೆ, ಜುಬ್ಬಾ, ತಲೆಯ ಮೇಲೆ ಗಾಂಧಿ ಟೋಪಿ. ಮದುವೆಯಾಗಲಿಲ್ಲ, ಮನೆ ಮಾಡಲಿಲ್ಲ. ಕೊನೆಯವರೆಗೂ ಹಾಸ್ಟೆಲೇ ಮನೆ.

ಮೊದಲು ನನಗೆ ಬೇಸರವೇ ಆಯಿತು. ಅಷ್ಟು ದೂರ ಹೋಗಿ ಬಂದವರಲ್ಲಿ ಏನೂ ಬದಲಾಗಲಿಲ್ಲವೇ ಎನಿಸಿತು. ನಮ್ಮ ಬೀದಿಯಲ್ಲಿ ದುಬೈಗೆ ಹೋಗಿ ಬಂದವರು ವಾರದೊಳಗೆ ಗೇಟು ಬದಲಿಸುತ್ತಾರೆ. ಆಮೇಲೆ ಇಸವಿಗಳನ್ನು ಒಂದರ ಕೆಳಗೊಂದು ಬರೆದು ನೋಡಿದೆ. ಬಂದ ಎರಡೇ ವರ್ಷಕ್ಕೆ, 1962ರಲ್ಲಿ, ಬೆಂಗಳೂರು ಸೈನ್ಸ್ ಫೋರಂ ಶುರುವಾಗಿದೆ. ಪ್ರತಿ ಬುಧವಾರ ಸಂಜೆ ವಿಜ್ಞಾನಿಯೊಬ್ಬರ ಉಪನ್ಯಾಸ, ಬಾಗಿಲು ಎಲ್ಲರಿಗೂ ತೆರೆದಿದೆ, ಯಾರು ಬೇಕಾದರೂ ಎದ್ದು ನಿಂತು ಪ್ರಶ್ನೆ ಕೇಳಬಹುದು. ಪ್ರಾಂಶುಪಾಲರಾದರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ಮಾಡಿ ದೊಡ್ಡ ವಿವಾದ ಎದುರಿಸಿದರು. ಕುಲಪತಿಯಾದ ಮೇಲೂ ಬಟ್ಟೆ ಬದಲಾಗಲಿಲ್ಲ. ತಾನು ನಡೆದು ಬಿಟ್ಟುಬಂದ ಗೌರಿಬಿದನೂರಿನಲ್ಲೂ, ಬಾಗೇಪಲ್ಲಿಯಲ್ಲೂ ಕಾಲೇಜು ತೆರೆಸಿದರು. ಅಲ್ಲಿನ ಹುಡುಗರು ಕಾಲೇಜಿಗಾಗಿ ಬೆಂಗಳೂರಿಗೇ ಬರಬೇಕೆಂಬ ಕಟ್ಟಾಯ ತಪ್ಪಿತು. ನನಗೆ ಅವರ ಎಲ್ಲ ಕೆಲಸಗಳಲ್ಲಿ ಇದೇ ದೊಡ್ಡದು.

ಇದನ್ನು ಬರೆಯುವಾಗ ಭಾಯಿಜಾನ್‌ನ ಬಗ್ಗೆಯೂ ಬೇರೆ ರೀತಿ ಯೋಚಿಸಿದೆ. ಎರಡು ವರ್ಷದಿಂದ ಅವನ ಫೋಟೋಗಳಲ್ಲಿ ನಾನು ನೋಡುತ್ತಿದ್ದದ್ದು ಜಾಕೆಟ್ಟು, ಶೂ, ಹಿಮ. ಇಲ್ಲಿದ್ದಾಗ ತಿಂದ ತಟ್ಟೆ ತೊಳೆಯದವನು ಈಗ ರಾತ್ರಿಯೇ ಬೇಳೆ ನೆನೆಹಾಕುತ್ತಾನೆ, ಪಕ್ಕದ ರೂಮಿನವನಿಗೆ ಜ್ವರ ಬಂದರೆ ಗಂಜಿ ಕಾಯಿಸುತ್ತಾನೆ, ಬರದ್ದನ್ನು ಬರುವುದಿಲ್ಲ ಎಂದು ನಾಚಿಕೆಯಿಲ್ಲದೆ ಹೇಳಿ ಕೇಳಿ ಕಲಿಯುತ್ತಾನೆ. ಅಮ್ಮಿ ಇದನ್ನೆಲ್ಲ ಮೊದಲೇ ಗಮನಿಸಿದ್ದರು.

ಹೋದ ಭಾನುವಾರ ಅವನ ಫೋನ್ ಬಂದಾಗ ಎಚ್ಚೆನ್ ಕಥೆ ಹೇಳಿದೆ. ಉಳಿಯುವ, ಬರುವ ಮಾತು ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹೊಸೂರು ನಮ್ಮೂರಿನಿಂದ ಎಷ್ಟು ಕಿಲೋಮೀಟರ್ ಎಂದು ಕೇಳಿದ. ಬೈಕಿನಲ್ಲಿ ಹೋಗಬಹುದಾದಷ್ಟು ಎಂದೆ. ಬೈಕು ಸ್ಟಾರ್ಟ್ ಆಗುತ್ತದಾ, ಬ್ಯಾಟರಿ ಹೋಗಿರಬೇಕಲ್ಲ ಎಂದ. ಅಬ್ಬಾ ಪಕ್ಕದಲ್ಲೇ ಇದ್ದರು. ಮಾರನೇ ದಿನ ಮಗ್ಗಕ್ಕೆ ಹೋಗುವ ಮೊದಲು ಬೈಕಿನ ಕವರ್ ತೆಗೆದು ಒರೆಸುತ್ತಿದ್ದರು.