ಫ್ಯಾರಡೆಯು ಕಲಿತ ಬಗೆ

ಲಂಡನ್ ನಗರದ ಸಮೀಪದಲ್ಲಿ 1791ರ ಸೆಪ್ಟೆಂಬರ್ 22ರಂದು ಬಡ ಕಮ್ಮಾರನೊಬ್ಬನ ಮಗನಾಗಿ ಹುಟ್ಟಿದ ಮೈಕೇಲ್ ಫ್ಯಾರಡೆಗೆ ಶಾಲೆಯಿಂದ ದೊರೆತುದು ಓದು, ಬರಹ, ಸ್ವಲ್ಪ ಲೆಕ್ಕ, ಇಷ್ಟೇ. ಉನ್ನತ ಗಣಿತವು ಆತನಿಗೆ ಕಡೆಯವರೆಗೂ ವಶವಾಗಲಿಲ್ಲ. ಜ್ಞಾಪಕಶಕ್ತಿಯೂ ದುರ್ಬಲವೆಂದು ಆತನೇ ಕೊರಗುತ್ತಿದ್ದನು. ಇಂತಹವನು ವಿದ್ಯುಚ್ಛಾಸ್ತ್ರದ ಮಹಾಪುರುಷನಾದುದು ಹೇಗೆಂದು ವಿಚಾರಿಸಿದರೆ, ಕಲಿತುದನ್ನು ಇತರರಿಗೆ ತಿಳಿಯುವಂತೆ ಹೇಳಲೇಬೇಕೆಂಬ ಛಲವೇ ಆತನಿಗೆ ಗುರುವಾಯಿತೆಂದು ನಮಗೆ ತೋರುತ್ತದೆ.

1805ರಲ್ಲಿ ಆತನು ಪುಸ್ತಕಗಳಿಗೆ ರಟ್ಟು ಕಟ್ಟುವ ರೀಬೋ ಎಂಬವನ ಅಂಗಡಿಗೆ ಏಳು ವರ್ಷಗಳ ಕರಾರಿನ ಮೇಲೆ ಸೇರಿದನು. ಕಟ್ಟಲು ಬಂದ ಪುಸ್ತಕಗಳೇ ಆತನ ಪಾಠಶಾಲೆ. ಜೇನ್ ಮಾರ್ಸೆಟ್ ಎಂಬ ವಿದುಷಿಯು ರಸಾಯನಶಾಸ್ತ್ರವನ್ನು ಸಂವಾದರೂಪದಲ್ಲಿ ತಿಳಿಯಹೇಳಿದ ಗ್ರಂಥವು ಆತನ ಮನಸ್ಸನ್ನು ಸೆಳೆಯಿತು. 1812ರಲ್ಲಿ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸಗಳನ್ನು ಕೇಳಿ, ಅವನ್ನು ಚಿತ್ರಸಹಿತವಾಗಿ ವಿಸ್ತರಿಸಿ ಬರೆದು, ಸ್ವಹಸ್ತದಿಂದಲೇ ರಟ್ಟು ಕಟ್ಟಿ ಡೇವಿಗೇ ಕಳುಹಿಸಿಕೊಟ್ಟನು. ಮರುವರ್ಷ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಡೇವಿಯ ಸಹಾಯಕನಾದನು.

1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ಡನು, ವಿದ್ಯುತ್ತು ಹರಿಯುವ ತಂತಿಯು ದಿಕ್ಸೂಚಿಯ ಮುಳ್ಳನ್ನು ತಿರುಗಿಸುವುದೆಂದು ತೋರಿಸಿದನು. ಯೂರೋಪಿನ ಪಂಡಿತರೆಲ್ಲರೂ ಒಬ್ಬೊಬ್ಬರು ಒಂದೊಂದು ವಾದವನ್ನು ಹೂಡಲಾಗಿ, ವಿಷಯವು ಸಿಕ್ಕು ಸಿಕ್ಕಾಯಿತು. ಇವೆಲ್ಲವನ್ನೂ ಓದುಗರಿಗೆ ಸ್ಪಷ್ಟವಾಗಿ ನಿರೂಪಿಸಬೇಕೆಂದು ಪತ್ರಿಕಾಸಂಪಾದಕನಾದ ರಿಚರ್ಡ್ ಫಿಲಿಪ್ಸನು 1821ರಲ್ಲಿ ಸ್ನೇಹಿತ ಫ್ಯಾರಡೆಯನ್ನು ಕೇಳಿದನು. ಮತ್ತೊಬ್ಬನಾಗಿದ್ದರೆ ನಾಲ್ಕು ಲೇಖನಗಳನ್ನು ಮುಂದಿಟ್ಟುಕೊಂಡು ಐದನೆಯದನ್ನು ಬರೆದುಬಿಡುತ್ತಿದ್ದನು. ಫ್ಯಾರಡೆಯಾದರೋ, ತಾನು ಕಾಣದುದನ್ನು ಹೇಳಲಾರೆನೆಂದು, ಆ ಪ್ರಯೋಗಗಳನ್ನು ತಾನೇ ಮತ್ತೆ ಮಾಡತೊಡಗಿದನು. ಹೀಗೆ ಮಾಡುತ್ತಿರುವಾಗಲೇ ಸೆಪ್ಟೆಂಬರಿನಲ್ಲಿ, ಪಾದರಸದ ಪಾತ್ರೆಯಲ್ಲಿ ನಿಲ್ಲಿಸಿದ ಅಯಸ್ಕಾಂತದ ಸುತ್ತಲೂ ವಿದ್ಯುತ್ತು ಹರಿಯುವ ತಂತಿಯು ಎಡೆಬಿಡದೆ ಸುತ್ತುವುದನ್ನು ಕಂಡನು. ಇಂದು ನಮ್ಮ ಮನೆಗಳಲ್ಲಿ ತಿರುಗುವ ಬೀಸಣಿಗೆಗೆ ಮೂಲ ಅದೇ. ಪರರಿಗೆ ವಿವರಿಸಹೋದವನಿಗೆ, ವಿವರಿಸಬೇಕಾದವರಿಗೂ ತಿಳಿಯದಿದ್ದ ಸಂಗತಿಯು ದೊರೆಯಿತು.

ಕೀರ್ತಿಯೊಡನೆ ಅಪವಾದವೂ ಬಂದಿತು. ವೊಲಾಸ್ಟನ್ ಪಂಡಿತನ ಆಲೋಚನೆಯನ್ನು ಹೆಸರೆತ್ತದೆ ಬಳಸಿಕೊಂಡನೆಂದು ಜನರು ಆಡಿಕೊಂಡರು. ಅವಸರದಲ್ಲಿ ಅಚ್ಚಿಗೆ ಕೊಟ್ಟುದು ಆತನ ತಪ್ಪೆಂದು ನಾವೂ ಒಪ್ಪುವೆವು. ಆದರೆ ಕಳ್ಳತನದ ಮಾತು ಅನ್ಯಾಯವಾದುದು. 1824ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವಕ್ಕೆ ಆತನ ಹೆಸರು ಬಂದಾಗ ಅಡ್ಡಬಂದವನು ಗುರುವಾದ ಡೇವಿಯೇ. ವಿರುದ್ಧವಾಗಿ ಬಿದ್ದ ಮತ ಒಂದೇ ಒಂದು.

1831ರ ಆಗಸ್ಟ್ 29ರಂದು ಅಯಸ್ಕಾಂತದ ಮೂಲಕ ವಿದ್ಯುತ್ತನ್ನು ಹುಟ್ಟಿಸಿದ ಕಥೆಯು ಶಾಲಾಬಾಲಕರಿಗೂ ತಿಳಿದುದೇ. ಆತನು ಕಲ್ಪಿಸಿದ ಬಲರೇಖೆಗಳನ್ನು, ಕಬ್ಬಿಣದ ಅರದ ಪುಡಿಯನ್ನು ಕಾಗದದ ಮೇಲೆ ಉದುರಿಸಿ ಯಾರಿಗಾದರೂ ತೋರಿಸಬಹುದಾಗಿತ್ತು. ಅವಕ್ಕೆ ಗಣಿತದ ಉಡುಗೆಯನ್ನು ತೊಡಿಸಿದವನು ಮ್ಯಾಕ್ಸ್‌ವೆಲ್. 1857ರಲ್ಲಿ ಅರವತ್ತಾರು ವರ್ಷದ ಫ್ಯಾರಡೆಯು ಇಪ್ಪತ್ತಾರರ ಆ ತರುಣನಿಗೆ ಕಾಗದ ಬರೆದು, ಗಣಿತಜ್ಞರು ತಮ್ಮ ನಿರ್ಣಯಗಳನ್ನು ಸಾಮಾನ್ಯಭಾಷೆಯಲ್ಲಿಯೂ ತಿಳಿಸಲಾಗದೇ ಎಂದು ವಿನಯದಿಂದ ಕೇಳಿದನು. ಶಾಸ್ತ್ರವಿಷಯಗಳು ಕನ್ನಡದಲ್ಲಿ ಹೇಳಲು ಬಾರವೆನ್ನುವವರನ್ನು ನಾವು ಬಲ್ಲೆವು. ಅವರಲ್ಲಿ ಅನೇಕರು ಅವನ್ನು ಇಂಗ್ಲಿಷಿನಲ್ಲಿಯೂ ಹೇಳಲಾರರು.

1860ರ ಕ್ರಿಸ್‌ಮಸ್ ರಜೆಯಲ್ಲಿ ಆ ವೃದ್ಧನು ಬಾಲಕರ ಮುಂದೆ ಒಂದು ಮೇಣದಬತ್ತಿಯನ್ನು ಹಚ್ಚಿಟ್ಟು, ಅದು ಉರಿಯುವ ಕ್ರಮದಿಂದಲೇ ನೀರು, ಗಾಳಿ, ಮನುಷ್ಯನ ಉಸಿರಾಟ ಇವೆಲ್ಲವನ್ನೂ ಆರು ಉಪನ್ಯಾಸಗಳಲ್ಲಿ ತಿಳಿಯಹೇಳಿದನು. ಬಾಲಕರಿಗಾಗಿ ಆತನು ಮಾಡಿದ ಉಪನ್ಯಾಸಗಳಲ್ಲಿ ಅವೇ ಕಡೆಯವು. 1867ರ ಆಗಸ್ಟ್ 25ರಂದು ಹ್ಯಾಂಪ್ಟನ್ ಕೋರ್ಟಿನಲ್ಲಿ ತೀರಿಕೊಂಡನು.