ಬರೀ ಧೈರ್ಯದಿಂದ ವಿಮಾನ ಹಾರಿತೇ? ವಿಲ್ಬರ್ ರೈಟ್ ಬದುಕು ಹೇಳುವ ಸತ್ಯ

ಕಾಲೇಜು ಮೆಟ್ಟಿಲು ಹತ್ತದ ಇಬ್ಬರು ಸೈಕಲ್ ಅಂಗಡಿಯ ಅಣ್ಣತಮ್ಮಂದಿರು ಬರೀ ಧೈರ್ಯ, ಹಠದಿಂದಲೇ ವಿಮಾನ ಹಾರಿಸಿದರು ಎಂಬ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಓದಲು ಚೆನ್ನಾಗಿದೆ, ಆದರೆ ಅದು ಅರ್ಧ ಸತ್ಯ. ಉಳಿದರ್ಧ ತಿಳಿಯಲು ಅಣ್ಣ ವಿಲ್ಬರ್ ರೈಟ್ ಅವರ ಬದುಕನ್ನು ನೋಡೋಣ.

ವಿಲ್ಬರ್ ಹುಟ್ಟಿದ್ದು 1867ರಲ್ಲಿ, ಅಮೆರಿಕದ ಇಂಡಿಯಾನಾದಲ್ಲಿ. ಹದಿಹರೆಯದ ಕೊನೆಯಲ್ಲಿ ಹಾಕಿ ಆಡುವಾಗ ಮುಖಕ್ಕೆ ಪೆಟ್ಟು ಬಿದ್ದು ಹಲ್ಲುಗಳು ಮುರಿದವು. ಕಾಲೇಜಿನ ಆಸೆ ಅಲ್ಲಿಗೇ ನಿಂತಿತು. ಕ್ಷಯದಿಂದ ಬಳಲುತ್ತಿದ್ದ ತಾಯಿಯ ಆರೈಕೆ ಮಾಡುತ್ತಾ, ಮನೆಯ ಪುಸ್ತಕಗಳನ್ನು ಓದುತ್ತಾ ಕೆಲವು ವರ್ಷ ಕಳೆದರು. 1892ರಲ್ಲಿ ತಮ್ಮ ಆರ್ವಿಲ್ ಜೊತೆ ಒಹಾಯೊದ ಡೇಟನ್‌ನಲ್ಲಿ ಸೈಕಲ್ ಅಂಗಡಿ ತೆರೆದರು.

ಧೈರ್ಯವೊಂದೇ ಸಾಕಾಗಿದ್ದರೆ ಜರ್ಮನಿಯ ಒಟ್ಟೊ ಲಿಲಿಯೆಂಥಾಲ್ ಗೆಲ್ಲಬೇಕಿತ್ತು. ನೂರಾರು ಬಾರಿ ಗ್ಲೈಡರ್‌ನಲ್ಲಿ ತೇಲಿದ್ದ ಅವರು 1896ರಲ್ಲಿ ಬಿದ್ದು ಸತ್ತರು. ಈ ಸಾವಿನ ಸುದ್ದಿ ರೈಟ್ ಸಹೋದರರನ್ನು ಯೋಚನೆಗೆ ಹಚ್ಚಿತು.

ಗಾಳಿ ಹಿಂದಕ್ಕೆ ಎಳೆಯುವುದೇಕೆ?

ಬೈಕ್ ವೇಗವಾಗಿ ಹೋಗುವಾಗ ನೆಟ್ಟಗೆ ಕುಳಿತರೆ ಗಾಳಿ ಎದೆಗೆ ಹೊಡೆಯುತ್ತದೆ, ಬಗ್ಗಿದರೆ ಕಡಿಮೆಯಾಗುತ್ತದೆ. ಈ ತಡೆಯೇ ಡ್ರ್ಯಾಗ್. ಅದನ್ನು ತಗ್ಗಿಸಲೆಂದೇ ಸಹೋದರರು ತಮ್ಮ ಗ್ಲೈಡರ್‌ನಲ್ಲಿ ಹೊಟ್ಟೆ ಅಡಿಯಾಗಿ ಮಲಗಿ ಹಾರುತ್ತಿದ್ದರು.

ಆದರೂ 1901ರ ಗ್ಲೈಡರ್ ಕೈಕೊಟ್ಟಿತು. ಅದು ಲೆಕ್ಕ ಹಾಕಿದ್ದರ ಮೂರನೇ ಒಂದು ಭಾಗದಷ್ಟೇ ಮೇಲೆತ್ತುವ ಬಲ ಕೊಟ್ಟಿತು. ಹಾರಾಟದ ಜಾಗದಲ್ಲೇ ರೆಕ್ಕೆಯ ಬಾಗನ್ನು ತಗ್ಗಿಸಿದಾಗ ಹಿಡಿತ ಸುಧಾರಿಸಿತು, ಆದರೆ ಮೂಲ ಸಮಸ್ಯೆ ಉಳಿಯಿತು. ವಿಲ್ಬರ್ ನಿರಾಶರಾಗಿ ಊರಿಗೆ ಮರಳಿದರು. ಮುಂದೆ ಮಾಡಿದ್ದೇ ಅವರ ನಿಜವಾದ ಸಾಹಸ: ಎಲ್ಲರೂ ನಂಬಿದ್ದ ಲೆಕ್ಕವನ್ನೇ ಅನುಮಾನಿಸಿದರು.

ಅಂಗಡಿಯಲ್ಲೇ ಸುಮಾರು 6 ಅಡಿ ಉದ್ದದ ಮರದ ಪೆಟ್ಟಿಗೆ ಮಾಡಿ, ಅದರೊಳಗೆ ಫ್ಯಾನ್‌ನಿಂದ ಗಾಳಿ ಹಾಯಿಸಿದರು. ಸೈಕಲ್ ಕಡ್ಡಿ, ಗರಗಸದ ಅಲಗಿನಿಂದ ತಕ್ಕಡಿ ತಯಾರಿಸಿ, ನೂರಕ್ಕೂ ಹೆಚ್ಚು ಪುಟ್ಟ ರೆಕ್ಕೆಗಳ ಬಲ ಅಳೆದರು. ಹಳೆಯ ಲೆಕ್ಕಗಳಲ್ಲಿ ಗಾಳಿಯ ಒತ್ತಡಕ್ಕೆ 0.005 ಎಂಬ ಗುಣಾಂಕ ಬಳಸುತ್ತಿದ್ದರು. ರೈಟ್ ಸಹೋದರರಿಗೆ ಸಿಕ್ಕಿದ್ದು ಸುಮಾರು 0.0033. ಶತಮಾನಕ್ಕೂ ಹೆಚ್ಚು ಕಾಲ ಬಳಕೆಯಲ್ಲಿದ್ದ ಸಂಖ್ಯೆಯೇ ತಪ್ಪಾಗಿತ್ತು!

ಅದೇ ವಿಸ್ತೀರ್ಣ, ಬೇರೆ ಆಕಾರ

1901ರ ರೆಕ್ಕೆ 22 ಅಡಿ ಉದ್ದ, 7 ಅಡಿ ಅಗಲವಿತ್ತು. 1902ರಲ್ಲಿ ಅದನ್ನು 32 ಅಡಿ ಉದ್ದ, 5 ಅಡಿ ಅಗಲ ಮಾಡಿದರು. ವಿಸ್ತೀರ್ಣ ಹೆಚ್ಚುಕಡಿಮೆ ಅಷ್ಟೇ. ರೆಕ್ಕೆಯ ತುದಿಯಲ್ಲಿ ಕೆಳಗಿನ ಗಾಳಿ ಮೇಲಕ್ಕೆ ನುಗ್ಗಿ ಸುಳಿಯಾಗುತ್ತದೆ, ಆ ಸುಳಿಗೆ ಶಕ್ತಿ ಪೋಲಾಗುತ್ತದೆ. ರೆಕ್ಕೆ ಉದ್ದವಾಗಿ ಕಿರಿದಾದಷ್ಟೂ ಈ ನಷ್ಟ ಕಡಿಮೆ. ಹೊಸ ಗ್ಲೈಡರ್ ಒಮ್ಮೆ ಸುಮಾರು 190 ಮೀಟರ್ ದೂರ ತೇಲಿತು.

ತಡೆ ಎಷ್ಟೆಂದು ಗೊತ್ತಾದ ಮೇಲೆ ಎಂಜಿನ್ ಎಷ್ಟು ದೊಡ್ಡದಿರಬೇಕು ಎಂಬುದೂ ಗೊತ್ತಾಯಿತು. ಸುಮಾರು 12 ಅಶ್ವಶಕ್ತಿಯ ಎಂಜಿನ್ ಸಾಕಾಯಿತು. 1903ರ ಡಿಸೆಂಬರ್ 17ರಂದು ಆರ್ವಿಲ್ 12 ಸೆಕೆಂಡ್ ಹಾರಿದರು. ಅದೇ ದಿನ ವಿಲ್ಬರ್ 59 ಸೆಕೆಂಡ್ ಹಾರಿ 260 ಮೀಟರ್ ಕ್ರಮಿಸಿದರು.

ಗಾಳಿಗೆ ಜಗ್ಗದ ವಿಲ್ಬರ್ ಅವರನ್ನು ಟೈಫಾಯ್ಡ್ ಬಲಿ ಪಡೆಯಿತು. 1912ರ ಮೇ 30ರಂದು ತೀರಿಕೊಂಡಾಗ ಅವರಿಗೆ ಬರೀ 45 ವರ್ಷ.

ನಾವು ಹೇಳುವುದಿಷ್ಟು

ಕಾಲೇಜು ಓದಲಿಲ್ಲ ಎಂಬುದು ನಿಜ. ಕಲಿಯದೇ, ಲೆಕ್ಕ ಹಾಕದೇ ಹಾರಿದರು ಎಂಬುದು ಸುಳ್ಳು. ಎಲ್ಲರೂ ಹೇಳುತ್ತಾರೆಂದು ಒಪ್ಪಿಕೊಳ್ಳದೆ ಅಳೆದು ನೋಡಿದ್ದಕ್ಕೇ ಅವರು ಗೆದ್ದರು. ಮುಂದಿನ ಫಾರ್ವರ್ಡ್ ಕಳಿಸುವ ಮುನ್ನ ನಾವೂ ಅಷ್ಟು ಮಾಡಿದರೆ ಸಾಕು.