ಅಂಗೈಯಗಲದ ಪುಸ್ತಕಗಳು: ಚಿತ್ರಕಾರ ಲಿಯೊನಾರ್ಡೊ ಡಾ ವಿಂಚಿಯ ಬಾಳು

ನಮ್ಮ ಕರಾವಳಿಯ ಅನೇಕ ಕಥೋಲಿಕ ಮನೆಗಳಲ್ಲಿ ಊಟದ ಮೇಜಿನ ಬಳಿಯ ಗೋಡೆಯ ಮೇಲೆ ಪ್ರಭು ಯೇಸುವಿನ ಕಡೆಯ ಭೋಜನದ ಚಿತ್ರವನ್ನು ಕಾಣುತ್ತೇವೆ. ಕೆಲವರಲ್ಲಿ ಅದು ಕಟ್ಟು ಹಾಕಿಸಿದ ಮುದ್ರಿತ ಪಟ, ಕೆಲವರಲ್ಲಿ ಮರದ ಕೆತ್ತನೆ. ರೂಪ ಯಾವುದಾದರೂ ಹೆಚ್ಚಿನವುಗಳ ಮೂಲ ಒಂದೇ. ಅದು ಇಟಲಿಯ ಮಿಲಾನ್ ನಗರದ ಒಂದು ಮಠದ ಗೋಡೆಯ ಮೇಲೆ ಲಿಯೊನಾರ್ಡೊ ಡಾ ವಿಂಚಿ ಬಿಡಿಸಿದ ಚಿತ್ರ. ಚಿತ್ರವನ್ನು ನಾವೆಲ್ಲ ಬಲ್ಲೆವು. ಆದರೆ ಅದರ ಹಿಂದೆ ಇದ್ದ ಸಣ್ಣ ಸಣ್ಣ ಪುಸ್ತಕಗಳ ಪರಿಚಯ ನಮ್ಮಲ್ಲಿ ಹೆಚ್ಚಿನವರಿಗೆ ಇಲ್ಲ. ಬಾಳಿನುದ್ದಕ್ಕೂ ಕಂಡದ್ದನ್ನು ಪುಸ್ತಕದಲ್ಲಿ ಗೀಚಿ, ಬರೆದು, ಹಾಳೆ ತುಂಬಿಸುತ್ತ ಹೋದ ಈ ಮನುಷ್ಯನ ಕಥೆಯನ್ನು ಆ ಪುಸ್ತಕಗಳ ಮೂಲಕವೇ ಹೇಳಲು ಇಲ್ಲಿ ಪ್ರಯತ್ನಿಸುತ್ತೇವೆ.

ಲಿಯೊನಾರ್ಡೊನ ಕಥೆ ಆರಂಭವಾಗುವುದೂ ಒಂದು ಪುಸ್ತಕದ ಹಾಳೆಯಿಂದಲೇ. ಆತ ಹುಟ್ಟಿದ್ದು 1452ರ ಎಪ್ರಿಲ್ 15ರಂದು, ಫ್ಲಾರೆನ್ಸ್ ನಗರಕ್ಕೆ ಸೇರಿದ ವಿಂಚಿ ಎಂಬ ಊರಿನ ಪರಿಸರದಲ್ಲಿ. ತಂದೆ ಪಿಯೆರೊ ಕಾಗದಪತ್ರಗಳನ್ನು ಬರೆದು ದೃಢೀಕರಿಸುವ ನೋಟರಿ. ತಾಯಿ ಕತರೀನಾ ಬಡ ಹುಡುಗಿ. ಅವರಿಬ್ಬರಿಗೆ ಮದುವೆಯಾಗಿರಲಿಲ್ಲ. ಅಂಥ ಮಗುವಿನ ಹುಟ್ಟನ್ನು ಮುಚ್ಚಿಡುವುದು ಕಷ್ಟವೇನೂ ಆಗಿರಲಿಲ್ಲ. ಆದರೆ ಅಜ್ಜ ಅಂತೋನಿಯೊ ಮುಚ್ಚಿಡಲಿಲ್ಲ. ಮೊಮ್ಮಗ ಹುಟ್ಟಿದ ದಿನ, ಹೊತ್ತು, ಜ್ಞಾನಸ್ನಾನ ಕೊಟ್ಟ ಗುರುಗಳ ಹೆಸರು, ಅಲ್ಲಿ ನಿಂತಿದ್ದ ಹತ್ತು ಮಂದಿಯ ಹೆಸರು, ಎಲ್ಲವನ್ನೂ ಮನೆಯ ದಾಖಲೆ ಪುಸ್ತಕದಲ್ಲಿ ಬರೆದಿಟ್ಟರು. ಲೋಕವೇ ಕೊಂಡಾಡುವ ಈ ಕಲಾವಿದನ ಜನ್ಮದಿನ ಇಂದು ನಮಗೆ ತಿಳಿದಿರುವುದು ಆ ಮುದುಕರು ಬರೆದ ಕೆಲವು ಸಾಲುಗಳಿಂದ.

ಮದುವೆಯ ಹೊರಗೆ ಹುಟ್ಟಿದವರಿಗೆ ನೋಟರಿಗಳ ಸಂಘದಲ್ಲಿ ಸ್ಥಾನವಿರಲಿಲ್ಲ. ಹಾಗಾಗಿ ತಂದೆಯ ವೃತ್ತಿಯ ಬಾಗಿಲು ಲಿಯೊನಾರ್ಡೊಗೆ ಮುಚ್ಚಿತ್ತು. ಲ್ಯಾಟಿನ್ ಶಾಲೆಯ ಕ್ರಮಬದ್ಧ ವಿದ್ಯೆಯೂ ಆತನಿಗೆ ದೊರೆಯಲಿಲ್ಲ. ಹದಿಹರೆಯದಲ್ಲಿ ಫ್ಲಾರೆನ್ಸಿನ ಹೆಸರಾಂತ ಶಿಲ್ಪಿ, ಚಿತ್ರಕಾರ ವೆರೊಕ್ಕಿಯೊ ಅವರ ಕೆಲಸದ ಮನೆಗೆ ಶಿಷ್ಯನಾಗಿ ಸೇರಿದ. 1472ರಲ್ಲಿ ಚಿತ್ರಕಾರರ ಸಂಘದಲ್ಲಿ ಆತನ ಹೆಸರು ದಾಖಲಾಯಿತು. ಸಂತ ಲೂಕರ ಹೆಸರಿನ ಸಂಘವದು.

ಮರುವರ್ಷ ಆತ ಬೆಟ್ಟ, ಬಂಡೆ, ಕೋಟೆ, ದೂರದ ಬಯಲು ಇರುವ ಒಂದು ನೋಟವನ್ನು ಲೇಖನಿಯಿಂದ ಕಾಗದದ ಮೇಲೆ ಬಿಡಿಸಿದ. ಮೂಲೆಯಲ್ಲಿ ದಿನವನ್ನೂ ಬರೆದ. ಅದು 1473ರ ಆಗಸ್ಟ್ 5, ಹಿಮದ ಮಾತೆ ಮರಿಯಮ್ಮನವರ ಹಬ್ಬ. ತಾರೀಕಿನ ಜತೆಗೆ ಹಬ್ಬದ ಹೆಸರನ್ನೂ ಆತ ಬರೆದಿದ್ದಾನೆ. ದಿನಾಂಕವಿರುವ ಆತನ ಚಿತ್ರಗಳಲ್ಲಿ ಇದೇ ಮೊದಲಿನದು. ಆಗ ಆತನಿಗೆ 21 ವರ್ಷ. ಫ್ಲಾರೆನ್ಸಿನ ಉಫೀಜಿ ಸಂಗ್ರಹಾಲಯದಲ್ಲಿ ಈ ಹಾಳೆಯನ್ನು ಇಂದಿಗೂ ಕಾಪಾಡಲಾಗಿದೆ.

ಆ ಕಾಲದಲ್ಲಿ ಇಂದಿನಂತೆ ಪೆನ್ಸಿಲ್, ರಬ್ಬರ್ ಇರಲಿಲ್ಲ. ಸುಟ್ಟ ಎಲುಬಿನ ನುಣುಪಾದ ಪುಡಿಯನ್ನು ಅಂಟಿನಲ್ಲಿ ಕಲಸಿ ಕಾಗದಕ್ಕೆ ಬಳಿಯುತ್ತಿದ್ದರು. ಒಣಗಿದ ಮೇಲೆ ಬೆಳ್ಳಿಯ ಕಡ್ಡಿಯಿಂದ ಗೆರೆ ಎಳೆಯುತ್ತಿದ್ದರು. ಹಾಗೆ ಮೂಡಿದ ಗೆರೆಯನ್ನು ಸುಲಭವಾಗಿ ಅಳಿಸಲು ಬರುತ್ತಿರಲಿಲ್ಲ. ಇಂಥ ಹಾಳೆಗಳ ಒಂದು ಸಣ್ಣ ಪುಸ್ತಕ ಚಿತ್ರಕಾರನ ಬಳಿ ಸದಾ ಇರಬೇಕೆಂಬುದು ಲಿಯೊನಾರ್ಡೊ ಕಲಿಯುವವರಿಗೆ ಕೊಟ್ಟ ಸಲಹೆ. ಬೀದಿಯಲ್ಲಿ ಜನ ಮಾತನಾಡುವಾಗ, ಜಗಳವಾಡುವಾಗ, ನಗುವಾಗ ಅವರ ನಿಲುವನ್ನು ಕೆಲವೇ ಗೆರೆಗಳಲ್ಲಿ ಹಿಡಿಯಬೇಕು. ಬಿಡಿಸಿದ್ದನ್ನು ಅಳಿಸಬಾರದು. ಪುಸ್ತಕ ತುಂಬಿದಾಗ ಅದನ್ನು ಜೋಪಾನವಾಗಿ ಎತ್ತಿಟ್ಟು ಇನ್ನೊಂದನ್ನು ಕೈಗೆತ್ತಿಕೊಳ್ಳಬೇಕು. ಮನುಷ್ಯರ ಚಲನವಲನಗಳು ಎಣಿಕೆಗೆ ಸಿಗದಷ್ಟಿವೆ, ಅವನ್ನೆಲ್ಲ ನೆನಪು ಹಿಡಿದಿಡಲಾರದು ಎಂಬುದು ಇದಕ್ಕೆ ಆತ ಕೊಡುವ ಕಾರಣ. ಸಲಹೆಯಲ್ಲಿ ಎರಡು ಭಾಗಗಳಿರುವುದನ್ನು ಓದುಗರು ಗಮನಿಸಬೇಕು. ತುಂಬಿಸುವುದು ಒಂದು, ಎತ್ತಿಡುವುದು ಇನ್ನೊಂದು.

ಸುಮಾರು 1482ರಲ್ಲಿ ಲಿಯೊನಾರ್ಡೊ ಮಿಲಾನಿಗೆ ಹೋಗಿ ಅಲ್ಲಿನ ಆಡಳಿತಗಾರ ಲುದೊವಿಕೊ ಸ್ಫೋರ್ಜಾನ ಆಶ್ರಯ ಪಡೆದ. ಅಲ್ಲಿ ಸಾಂತಾ ಮರಿಯಾ ದೆಲ್ಲೆ ಗ್ರಾತ್ಸಿಯೆ ಎಂಬ ಡೊಮಿನಿಕನ್ ಮಠದ ಭೋಜನ ಶಾಲೆಯಲ್ಲಿ ಕಡೆಯ ಭೋಜನವನ್ನು ಚಿತ್ರಿಸುವ ಕೆಲಸ ದೊರೆಯಿತು. 1495ರಿಂದ 1498ರವರೆಗೆ ಆತ ಅದರಲ್ಲಿ ತೊಡಗಿದ್ದ. ಚಿತ್ರದ ಅಗಲ ಸುಮಾರು 880 ಸೆಂಟಿಮೀಟರ್, ಎತ್ತರ 460 ಸೆಂಟಿಮೀಟರ್. ಆ ದೊಡ್ಡ ಗೋಡೆಗೆ ಬೇಕಾದ ಸಿದ್ಧತೆಯ ಒಂದು ಭಾಗ ನಡೆದದ್ದು ಅಂಗೈಯಗಲದ ಪುಸ್ತಕದಲ್ಲಿ. ಈಗ ಲಂಡನಿನಲ್ಲಿರುವ ಅಂಥ ಒಂದು ಪುಸ್ತಕದಲ್ಲಿ, ಊಟಕ್ಕೆ ಕುಳಿತ ಪ್ರೇಷಿತರಲ್ಲಿ ಒಬ್ಬೊಬ್ಬನು ಏನು ಮಾಡುತ್ತಿರಬೇಕೆಂಬ ಟಿಪ್ಪಣಿಯಿದೆ. ಕುಡಿಯುತ್ತಿದ್ದವನು ಪಾತ್ರೆಯನ್ನು ಕೆಳಗಿಟ್ಟು ಮಾತನಾಡುವವನ ಕಡೆಗೆ ತಿರುಗುತ್ತಾನೆ. ಮತ್ತೊಬ್ಬನು ಬೆರಳುಗಳನ್ನು ಹೆಣೆದುಕೊಂಡು ಹುಬ್ಬು ಗಂಟಿಕ್ಕುತ್ತಾನೆ. ಇನ್ನೊಬ್ಬನು ಪಕ್ಕದವನ ಕಿವಿಯಲ್ಲಿ ಏನೋ ಹೇಳುತ್ತಾನೆ. ಗುರುವಿಗೆ ದ್ರೋಹ ಬಗೆಯುವವನು ತಮ್ಮಲ್ಲೇ ಇದ್ದಾನೆಂಬ ಮಾತು ಕಿವಿಗೆ ಬಿದ್ದ ಕ್ಷಣ ಸಾಮಾನ್ಯ ಜನರು ಹೇಗೆ ಬೆಚ್ಚಿಬೀಳುತ್ತಾರೋ ಹಾಗೆಯೇ ಆ ಹನ್ನೆರಡು ಮಂದಿ ನಮಗೆ ಕಾಣಿಸುತ್ತಾರೆ. ಬೀದಿಯ ಜನರನ್ನು ನೋಡಿ ನೋಡಿ ಹಾಳೆ ತುಂಬಿಸಿದ ಕೈಗೆ ಇದು ಸಾಧ್ಯವಾಯಿತು.

ಲಿಯೊನಾರ್ಡೊ ಎಡಗೈಯವನು. ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಹಿಡಿದು ಓದಬೇಕಾದ ರೀತಿಯಲ್ಲಿ ಬರೆಯುತ್ತಿದ್ದ. ಆತನ ಪುಸ್ತಕಗಳಲ್ಲಿ ಚಿತ್ರಗಳು ಮಾತ್ರ ಇಲ್ಲ. ನೀರಿನ ಸುಳಿ, ಹಕ್ಕಿಯ ರೆಕ್ಕೆ, ಕುದುರೆಯ ಕಾಲು, ಯಂತ್ರದ ಹಲ್ಲುಗಾಲಿ, ಕಾಲುವೆಯ ನಕ್ಷೆ, ಇವುಗಳ ನಡುವೆಯೇ ಮನೆಯ ಖರ್ಚಿನ ಲೆಕ್ಕವಿದೆ, ಎರವಲು ತರಬೇಕಾದ ಪುಸ್ತಕಗಳ ಪಟ್ಟಿಯಿದೆ. 1504ರ ಜುಲೈ 9ರಂದು ತಂದೆ ತೀರಿಕೊಂಡಾಗ ದಿನ ಮತ್ತು ಹೊತ್ತನ್ನು ಬರೆದಿದ್ದಾನೆ. ದುಃಖದ ಮಾತಿಲ್ಲ. ಆದರೆ ಆ ಸಣ್ಣ ಟಿಪ್ಪಣಿಯಲ್ಲಿ ಸಾವಿನ ಹೊತ್ತನ್ನು ಎರಡು ಸಲ ಬರೆದಿರುವುದು ಓದುವವರ ಮನಸ್ಸನ್ನು ತಟ್ಟುತ್ತದೆ. ಮುಪ್ಪಿನಲ್ಲಿ ರೇಖಾಗಣಿತದ ಒಂದು ಸಮಸ್ಯೆಯನ್ನು ಬಿಡಿಸುತ್ತಿದ್ದವನು, ಸೂಪು ತಣ್ಣಗಾಗುತ್ತದೆಂದು ಬರೆದು ಅಲ್ಲಿಗೇ ನಿಲ್ಲಿಸಿದ್ದೂ ಉಂಟು.

1507-08ರ ಚಳಿಗಾಲದಲ್ಲಿ ಫ್ಲಾರೆನ್ಸಿನ ಸಾಂತಾ ಮರಿಯಾ ನುವೊವಾ ಆಸ್ಪತ್ರೆಯಲ್ಲಿ ಒಬ್ಬ ಮುದುಕನ ಬಳಿ ಆತ ಕುಳಿತಿದ್ದ. ತನಗೆ ನೂರು ದಾಟಿದೆ, ನಿಶ್ಶಕ್ತಿಯ ಹೊರತು ಬೇರೆ ಬಾಧೆಯಿಲ್ಲವೆಂದು ಆ ಮುದುಕ ಹೇಳಿಕೊಂಡ. ಸ್ವಲ್ಪ ಹೊತ್ತಿನಲ್ಲಿ ಹಾಸಿಗೆಯ ಮೇಲೆ ಕುಳಿತಂತೆಯೇ ಶಾಂತವಾಗಿ ಪ್ರಾಣ ಬಿಟ್ಟ. ಇಷ್ಟು ನೆಮ್ಮದಿಯ ಸಾವಿಗೆ ಕಾರಣವೇನೆಂದು ತಿಳಿಯಲು ಲಿಯೊನಾರ್ಡೊ ಆ ದೇಹವನ್ನು ಕೊಯ್ದು ನೋಡಿದ. ಹೃದಯಕ್ಕೆ ರಕ್ತ ಒಯ್ಯುವ ನಾಳ ಬತ್ತಿ ಸಪುರವಾಗಿದ್ದುದನ್ನು ಕಂಡು ಬರೆದ. ಇಂದು ಹೃದಯದ ಕಾಯಿಲೆಯೆಂದರೆ ನಮಗೆಲ್ಲ ಗೊತ್ತಿರುವ ವಿಷಯವನ್ನು ಆತ 500 ವರ್ಷಗಳ ಹಿಂದೆಯೇ ಹಾಳೆಗಿಳಿಸಿದ್ದ.

ಆದರೆ ಆ ಹಾಳೆಗಳಿಂದ ಅಂದಿನ ವೈದ್ಯರಿಗೆ ಪ್ರಯೋಜನವಾಗಲಿಲ್ಲ. ಲಿಯೊನಾರ್ಡೊ ಅವನ್ನು ಅಚ್ಚು ಹಾಕಿಸಲಿಲ್ಲ. 1508ರ ಮಾರ್ಚ್ 22ರಂದು ಒಂದು ಹೊಸ ಬರಹವನ್ನು ಆರಂಭಿಸುವಾಗ, ಇದು ಅನೇಕ ಹಾಳೆಗಳಿಂದ ನಕಲು ಮಾಡಿದ ಕ್ರಮವಿಲ್ಲದ ಸಂಗ್ರಹ, ಮುಂದೆ ವಿಷಯಕ್ಕೆ ತಕ್ಕಂತೆ ಜೋಡಿಸುವೆನೆಂದು ಆತ ಬರೆದುಕೊಂಡ. ಆ ಜೋಡಣೆ ಮುಗಿಯಲೇ ಇಲ್ಲ. ಚಿತ್ರಗಳ ವಿಷಯದಲ್ಲೂ ಹಾಗೆಯೇ. ಆತನದೆಂದು ಒಪ್ಪಲಾದ ವರ್ಣಚಿತ್ರಗಳು ಇಪ್ಪತ್ತರ ಆಸುಪಾಸು, ಅವುಗಳಲ್ಲಿ ಕೆಲವು ಅಪೂರ್ಣ. ಕಡೆಯ ಭೋಜನವನ್ನು ಹಸಿ ಗಾರೆಯ ಮೇಲಲ್ಲ, ಒಣ ಗೋಡೆಯ ಮೇಲೆ ಬಿಡಿಸಿದ ಕಾರಣ ಅದರ ಬಣ್ಣ ಆತ ಬದುಕಿದ್ದಾಗಲೇ ಉದುರಲಾರಂಭಿಸಿತು.

ಕೊನೆಯ ವರ್ಷಗಳನ್ನು ಲಿಯೊನಾರ್ಡೊ ಫ್ರಾನ್ಸಿನ ಅರಸ ಒಂದನೇ ಫ್ರಾನ್ಸಿಸನ ಆಶ್ರಯದಲ್ಲಿ ಅಂಬ್ವಾಸ್ ಎಂಬಲ್ಲಿ ಕಳೆದ. 1517ರ ಅಕ್ಟೋಬರಿನಲ್ಲಿ ಕಾರ್ಡಿನಲ್ ಲುಯಿಜಿ ದ'ಅರಗೋನಾ ಅಲ್ಲಿಗೆ ಭೇಟಿ ನೀಡಿದರು. ಅವರ ಜತೆಗಿದ್ದ ಕಾರ್ಯದರ್ಶಿ ಅಂತೋನಿಯೊ ದೆ ಬೆಯಾತಿಸ್ ಪ್ರಯಾಣದ ದಿನಚರಿ ಬರೆಯುತ್ತಿದ್ದರು. ಮುದುಕನಾಗಿದ್ದ ಕಲಾವಿದನ ಬಲಗೈಗೆ ಪಾರ್ಶ್ವವಾಯು ಬಡಿದಿತ್ತೆಂದೂ, ಆತ ತೋರಿಸಿದ ಪುಸ್ತಕಗಳಿಗೆ ಲೆಕ್ಕವಿರಲಿಲ್ಲವೆಂದೂ, ಅವು ಬೆಳಕಿಗೆ ಬಂದರೆ ಜನರಿಗೆ ಬಹಳ ಉಪಯುಕ್ತವೆಂದೂ ಅವರು ಬರೆದಿಟ್ಟಿದ್ದಾರೆ.

1519ರ ಎಪ್ರಿಲ್ 23ರಂದು ಲಿಯೊನಾರ್ಡೊ ಮರಣಪತ್ರ ಬರೆಸಿದ. ಸಂತ ಫ್ಲೋರೆಂತಿನ್ ದೇವಾಲಯದಲ್ಲಿ ಸಮಾಧಿಯಾಗಬೇಕು, ಆತ್ಮಶಾಂತಿಗಾಗಿ ಹಾಡಿನ ಬಲಿಪೂಜೆಗಳೂ ಸಂತ ಗ್ರೆಗೊರಿಯವರ 30 ಬಲಿಪೂಜೆಗಳೂ ನಡೆಯಬೇಕು, 60 ಮಂದಿ ಬಡವರು 60 ಮೇಣದ ಬತ್ತಿಗಳನ್ನು ಹಿಡಿದು ಬರಬೇಕು, ಅವರಿಗೆ ಹಣ ಸಲ್ಲಬೇಕು ಎಂಬುದು ಆತನ ಇಚ್ಛೆ. ಪುಸ್ತಕಗಳನ್ನೆಲ್ಲ ನೆಚ್ಚಿನ ಶಿಷ್ಯ ಫ್ರಾಂಚೆಸ್ಕೊ ಮೆಲ್ಜಿಗೆ ಕೊಟ್ಟ. ಮೇ 2ರಂದು, 67ನೇ ವಯಸ್ಸಿನಲ್ಲಿ ಕಣ್ಣು ಮುಚ್ಚಿದ.

ಮೆಲ್ಜಿ ಒಳ್ಳೆಯ ಶಿಷ್ಯ. ಪುಸ್ತಕಗಳನ್ನು ಮಿಲಾನಿನ ಬಳಿಯ ವಾಪ್ರಿಯೊದಲ್ಲಿದ್ದ ತನ್ನ ಮನೆಗೆ ತಂದು ಸುಮಾರು ಐವತ್ತು ವರ್ಷ ಕಾಪಾಡಿದ. ಚಿತ್ರಕಲೆಯ ಕುರಿತ ಮಾತುಗಳನ್ನು ಹೆಕ್ಕಿ ಒಂದು ಗ್ರಂಥವಾಗಿ ಬರೆದಿಟ್ಟ. ಆ ಹಸ್ತಪ್ರತಿ ಇಂದು ವ್ಯಾಟಿಕನ್ ಗ್ರಂಥಾಲಯದಲ್ಲಿದೆ. ಸುಮಾರು 1570ರಲ್ಲಿ ಆತ ತೀರಿಕೊಂಡ ಮೇಲೆ ಮನೆಯವರು ಪುಸ್ತಕಗಳನ್ನು ಅಟ್ಟಕ್ಕೆ ಹಾಕಿದರು. ಮಕ್ಕಳಿಗೆ ಪಾಠ ಹೇಳುತ್ತಿದ್ದ ಗವಾರ್ಡಿ ಎಂಬವನು ಅವುಗಳಲ್ಲಿ 13 ಪುಸ್ತಕಗಳನ್ನು ಮಾರುವ ಆಸೆಯಿಂದ ಒಯ್ದ. ಪೀಸಾದಲ್ಲಿ ಕಾನೂನು ಓದುತ್ತಿದ್ದ ಮಿಲಾನಿನ ತರುಣ ಜಿಯೊವಾನ್ನಿ ಅಂಬ್ರೊಜಿಯೊ ಮಾಜೆಂತಾ ಇದು ಸರಿಯಲ್ಲವೆಂದು ಅವನಿಗೆ ತಿಳಿಹೇಳಿ, ಅವನ್ನು ತಾನೇ ಹೊತ್ತು ತಂದು ಮೆಲ್ಜಿಯ ಮಗನ ಮುಂದಿಟ್ಟ. ಇಷ್ಟು ಕಷ್ಟಪಟ್ಟದ್ದಕ್ಕೆ ಆ ಮಗ ಆಶ್ಚರ್ಯಪಟ್ಟು, ಇವು ನಿಮಗೇ ಇರಲಿ, ಅಟ್ಟದಲ್ಲಿ ಇನ್ನೂ ಬೇಕಾದಷ್ಟು ಬಿದ್ದಿವೆ ಎಂಬರ್ಥದ ಉತ್ತರ ಕೊಟ್ಟನಂತೆ. ಮಾಜೆಂತಾ 1590ರಲ್ಲಿ ಬಾರ್ನಬೈಟ್ ಧಾರ್ಮಿಕ ಸಭೆಗೆ ಸೇರಿದರು. ಈ ಸಂಗತಿಗಳು ನಮಗೆ ತಿಳಿದಿರುವುದು ಅವರು ಮುಪ್ಪಿನಲ್ಲಿ ಬರೆದಿಟ್ಟ ನೆನಪುಗಳಿಂದ.

ಸುದ್ದಿ ಹರಡಿದಂತೆ ಅಟ್ಟಕ್ಕೆ ಜನ ಬರತೊಡಗಿದರು, ಕೇಳಿದವರಿಗೆ ಸಿಕ್ಕಿತು. ಸ್ಪೇನಿನ ಅರಸನ ಶಿಲ್ಪಿ ಪೊಂಪೆಯೊ ಲಿಯೊನಿ ಬಹಳಷ್ಟನ್ನು ಸಂಪಾದಿಸಿ, ಹಾಳೆಗಳನ್ನು ಕತ್ತರಿಸಿ ದೊಡ್ಡ ಆಲ್ಬಮ್‌ಗಳಲ್ಲಿ ಅಂಟಿಸಿದ. ಹೀಗೆ ಮೂಲದ ಕ್ರಮ ಕೆಟ್ಟಿತು. ಕಾರ್ಡಿನಲ್ ಫೆದರಿಕೊ ಬೊರೊಮೆಯೊ ಸ್ಥಾಪಿಸಿದ ಮಿಲಾನಿನ ಅಂಬ್ರೋಸಿಯಾನಾ ಗ್ರಂಥಾಲಯಕ್ಕೆ 1637ರಲ್ಲಿ ದಾನವಾಗಿ ಬಂದ ಪುಸ್ತಕಗಳನ್ನು 1796ರಲ್ಲಿ ನೆಪೋಲಿಯನ್ನನ ಸೇನೆ ಪ್ಯಾರಿಸಿಗೆ ಒಯ್ದಿತು. ಹಿಂತಿರುಗಿದ್ದು ಅತಿ ದೊಡ್ಡದಾದ ಸಂಪುಟವೊಂದೇ. ಮಾಡ್ರಿಡಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕಪಾಟು ತಪ್ಪಿ ಕುಳಿತಿದ್ದ ಎರಡು ಪುಸ್ತಕಗಳು 1960ರ ದಶಕದಲ್ಲಿ ಮತ್ತೆ ಸಿಕ್ಕಿದವು. ಇಂದು ಎಲ್ಲ ಕಡೆ ಸೇರಿ ಸುಮಾರು 7,000 ಪುಟಗಳು ಉಳಿದಿವೆ. ಉಳಿದವು ಹೋದವು.

ಈ ಬಾಳಿನಿಂದ ನಾವು ಕಲಿಯಬೇಕಾದುದೇನು? ತುಂಬಿಸುವ ಅಭ್ಯಾಸವಿದ್ದ ಲಿಯೊನಾರ್ಡೊನಿಗೆ ಒಪ್ಪವಾಗಿ ಜೋಡಿಸಿ ಹಸ್ತಾಂತರಿಸಲು ಕಾಲ ಸಾಲಲಿಲ್ಲ. ಮೆಲ್ಜಿ ಕಾಪಾಡಿದ, ಆದರೆ ಕಾಪಾಡುವ ಮನಸ್ಸನ್ನು ಮಗನಿಗೆ ದಾಟಿಸಲಾಗಲಿಲ್ಲ. ಒಂದೇ ತಲೆಮಾರಿನ ಉದಾಸೀನ ಸಾಕು, ಒಬ್ಬನ ಜೀವಮಾನದ ದುಡಿಮೆ ದಿಕ್ಕಾಪಾಲಾಗಲು.

ನಮ್ಮ ಚರ್ಚುಗಳಲ್ಲಿಯೂ ಪುಸ್ತಕ ತುಂಬಿಸುವವರು ಇದ್ದಾರೆ. ವಾಳೆಯ ಕುಟುಂಬಗಳ ಕಷ್ಟಸುಖ ಬರೆದುಕೊಳ್ಳುವ ಗುರಿಕಾರರು, ಕ್ರೈಸ್ತ ಶಿಕ್ಷಣದ ಪಾಠಕ್ಕೆ ಚಿತ್ರ ಬಿಡಿಸಿಟ್ಟುಕೊಳ್ಳುವ ಶಿಕ್ಷಕಿಯರು, ಗಾಯನ ಮಂಡಳಿಯ ಕೈಬರಹದ ಹಾಡಿನ ಪುಸ್ತಕ, ಪಾಲನಾ ಮಂಡಳಿಯ ಹಳೆಯ ನಿರ್ಣಯ ಪುಸ್ತಕ, ಇವೆಲ್ಲ ನಮ್ಮ ಅಂಗೈಯಗಲದ ಪುಸ್ತಕಗಳೇ. ನಮ್ಮ ಮಳೆಗಾಲದ ತೇವ, ಗೆದ್ದಲು ಇವುಗಳನ್ನು ಕಾಯುವುದಿಲ್ಲ. ಒಬ್ಬರು ಅಧಿಕಾರ ಬಿಟ್ಟು ಇನ್ನೊಬ್ಬರು ಬರುವಾಗ ಬೀಗದ ಕೈ, ಲೆಕ್ಕಪತ್ರಗಳನ್ನು ಒಪ್ಪಿಸುವಂತೆ ಈ ಪುಸ್ತಕಗಳನ್ನೂ ಒಪ್ಪಿಸುವ ಕ್ರಮ ಬರಲಿ. ತೆಗೆದುಕೊಂಡವರು ಒಮ್ಮೆ ತೆರೆದು ಓದಲಿ. ಮುಂದೆ ಯಾರಿಗೆ ಕೊಡಬೇಕೆಂಬುದನ್ನು ಈಗಲೇ ಯೋಚಿಸಲಿ. ವಿಂಚಿಯ ಅಜ್ಜ ಬರೆದ ಕೆಲವು ಸಾಲು ಉಳಿದದ್ದರಿಂದ ಒಬ್ಬ ಮೊಮ್ಮಗನ ಜ್ಞಾನಸ್ನಾನದ ವಿವರ ಐದು ಶತಮಾನ ದಾಟಿ ನಮ್ಮವರೆಗೆ ಬಂತು. ನಮ್ಮ ಕಪಾಟುಗಳಲ್ಲಿ ಇರುವುದೂ ಇಂಥವರ ಹೆಸರುಗಳೇ.